ಹನ್ನೊಂದು ಬಗೆಯ ನಡುಕ

ಐವತ್ತು ದಾಟಿದ ಗಂಡಸು ಹನ್ನೊಂದು ಬಗೆಯಲ್ಲಿ ಕೆಲಸ ಮಾಡುವ ಯಾವ ವಸ್ತುವನ್ನೂ ಮನೆಗೆ ತರಬಾರದು. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಒಂದೇ ಬಗೆಯಲ್ಲಿ ಕೆಲಸ ಮಾಡುವ ವಸ್ತುವಾದರೆ ಅದು ಕೆಟ್ಟಾಗ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ನಮ್ಮ ಮನೆಯ ಒರಳುಕಲ್ಲು ಸರಿಯಾಗಿದೆಯೋ ಇಲ್ಲವೋ ಎಂದು ಮೂರು ತಲೆಮಾರಿನಲ್ಲಿ ಯಾರೂ ತಲೆ ಕೆಡಿಸಿಕೊಂಡಿಲ್ಲ. ಹನ್ನೊಂದು ಬಗೆಯದಾದರೆ ಹಾಗಲ್ಲ. ಅದು ಕೆಟ್ಟಿದೆಯೋ, ನಾವು ತಪ್ಪು ಬಗೆಯಲ್ಲಿ ಇಟ್ಟಿದ್ದೇವೋ, ಅಥವಾ ಅದು ಇರಬೇಕಾದದ್ದೇ ಹಾಗೋ ಎಂದು ತಿಳಿಯುವಷ್ಟರಲ್ಲಿ ನಮ್ಮ ಮರ್ಯಾದೆ ಮೂರು ತಾಲ್ಲೂಕು ದಾಟಿರುತ್ತದೆ. ನನ್ನದು ಶ್ರೀರಂಗಪಟ್ಟಣದಲ್ಲಿ ಹೊರಟು, ನಾಗಮಂಗಲದಲ್ಲಿ ಸುಧಾರಿಸಿಕೊಂಡು, ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆ ಹತ್ತಿರ ಪೂರ್ತಿ ಮುಗಿಯಿತು.

ಆಯ್ಕೆಯ ಕಷ್ಟ ನನಗೆ ಹೊಸದೇನೂ ಅಲ್ಲ. ಪಾಂಡವಪುರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಆ ಕಬ್ಬಿಣದ ಚೌಕಟ್ಟು ಏರಿಸಿ, ಒಂದು ಗಾಜು ಹಾಕಿ ‘ಇದು ಸರಿಯಾ’ ಎನ್ನುತ್ತೇನೆ, ಅದನ್ನು ತೆಗೆದು ಇನ್ನೊಂದು ಹಾಕಿ ‘ಇಲ್ಲ ಇದು ಸರಿಯಾ’ ಎನ್ನುತ್ತೇನೆ. ಇಪ್ಪತ್ತಾರು ವರ್ಷದಿಂದ ನಾನು ಜನರನ್ನು ಕೇಳಿರುವುದು ಈ ಎರಡೇ ಪ್ರಶ್ನೆ. ನಮ್ಮ ಕಡೆಯ ಜನ ಬಹಳ ದಾಕ್ಷಿಣ್ಯದವರು. ನಾನು ಬೇಜಾರು ಮಾಡಿಕೊಂಡೇನು ಎಂದು ‘ಎರಡೂ ಚೆನ್ನಾಗವೆ ಸಾ’ ಎಂದುಬಿಡುತ್ತಾರೆ. ಹಾಗೆಂದರೆ ಅವರಿಗೆ ಎರಡರಲ್ಲೂ ಏನೂ ಕಾಣುತ್ತಿಲ್ಲ ಎಂದು ಅರ್ಥ. ಈ ಗುಟ್ಟು ಇಪ್ಪತ್ತಾರು ವರ್ಷದಿಂದ ಗೊತ್ತಿದ್ದೂ ನಾನು ಮೋಸ ಹೋದೆನಲ್ಲ, ಅದಕ್ಕೆ ಏನು ಹೇಳುವುದು.

ಕನ್ನಡಕ ನನ್ನ ಹೊಟ್ಟೆಪಾಡು. ಗಿಟಾರು ನನ್ನ ಹುಚ್ಚು. ಮೈಸೂರಿನಲ್ಲಿ ಓದುವಾಗ ಕೊಠಡಿಯ ಜೊತೆಗಾರನೊಬ್ಬ ಒಂದು ಕ್ಯಾಸೆಟ್ಟು ಬಿಟ್ಟುಹೋಗಿದ್ದ. ಅದರಲ್ಲಿದ್ದದ್ದು ಕಂಟ್ರಿ ಮ್ಯೂಸಿಕ್, ಅಂದರೆ ಅಮೆರಿಕದ ಹಳ್ಳಿಗಾಡಿನವರ ಹಾಡು. ಒಂದು ಮಾತೂ ಅರ್ಥವಾಗದೆ ಅದನ್ನು ಟೇಪು ಸವೆಯುವ ತನಕ ಕೇಳಿದೆ. ಆಮೇಲೆ ನಿಧಾನಕ್ಕೆ ಅರ್ಥವಾಯಿತು. ಒಬ್ಬನ ಹೆಂಡತಿ ಬಿಟ್ಟುಹೋಗಿರುತ್ತಾಳೆ, ಇನ್ನೊಬ್ಬನ ನಾಯಿ ಸತ್ತಿರುತ್ತದೆ, ಮತ್ತೊಬ್ಬ ರೈಲು ತಪ್ಪಿಸಿಕೊಂಡಿರುತ್ತಾನೆ, ಎಲ್ಲರೂ ಹೊಲದ ಅಂಚಿನಲ್ಲಿ ಕೂತು ಗಿಟಾರು ಬಾರಿಸಿಕೊಂಡು ಅಳುತ್ತಿರುತ್ತಾರೆ. ನಮ್ಮ ಜನಪದ ಗೀತೆಗೂ ಇದಕ್ಕೂ ಏನು ವ್ಯತ್ಯಾಸ ಎಂದು ಯೋಚಿಸಿದೆ. ನಮ್ಮಲ್ಲಿ ತವರು ನೆನೆದು ಹೆಂಗಸು ಅಳುತ್ತಾಳೆ, ಅಲ್ಲಿ ಗಂಡಸು ಅಳುತ್ತಾನೆ, ಅಷ್ಟೆ. ಈ ಎರಡನ್ನೂ ಸೇರಿಸಿದರೆ ಜಗತ್ತಿನಲ್ಲಿ ಇಲ್ಲದ ಒಂದು ಸಂಗೀತ ನಮ್ಮ ಪಾಂಡವಪುರದಲ್ಲಿ ಹುಟ್ಟುತ್ತದೆ ಎಂಬುದು ಅಂದಿನಿಂದ ನನ್ನ ನಂಬಿಕೆ. ಅದು ಇನ್ನೂ ಹುಟ್ಟಿಲ್ಲ. ಸಾವಿತ್ರಿ, ಅಂದರೆ ನನ್ನ ಹೆಂಡತಿ, ಹುಟ್ಟದಿದ್ದುದೇ ಒಳ್ಳೆಯದಾಯಿತು ಎಂಬ ಅಭಿಪ್ರಾಯದವಳು.

ಈ ಹುಚ್ಚಿಗೆ ಜಾಗ ಕೊಟ್ಟವನು ನಿಂಗರಾಜಣ್ಣ. ಬೂಕನಕೆರೆ ಕಡೆಯವನು, ಮನೆಯಲ್ಲಿ ಎಂಟು ಹಸು ಕಟ್ಟಿದ್ದಾನೆ, ಬೆಳಗ್ಗೆ ಸಂಜೆ ಹಾಲು ಕರೆದು ಡೇರಿಗೆ ಹಾಕಿ, ನಡುವಿನ ಹೊತ್ತಿನಲ್ಲಿ ಮದುವೆ, ಗೃಹಪ್ರವೇಶ, ಬೀಗರೂಟಗಳಲ್ಲಿ ಜನಪದ ಹಾಡುತ್ತಾನೆ. ಗಂಟಲು ಅಂದರೆ ಗಂಟಲು. ಮೈಕು ಕೆಟ್ಟರೂ ಊಟದ ಪಂಕ್ತಿಯ ಕೊನೆಯ ಎಲೆಗೆ ಕೇಳಿಸುತ್ತದೆ. ಅವನ ತಂಡದಲ್ಲಿ ಹದಿನಾಲ್ಕು ವರ್ಷದಿಂದ ನಾನು ಗಿಟಾರು. ವೇದಿಕೆಯಲ್ಲಿ ನನ್ನ ಜಾಗ ಬಲಗಡೆ, ಹೂವಿನ ಅಲಂಕಾರದ ಕಂಬದ ಹಿಂದೆ. ಫೋಟೋದಲ್ಲಿ ನಾನು ಬರುವುದಿಲ್ಲ, ನನ್ನ ಮೊಣಕೈ ಬರುತ್ತದೆ. ಆದರೂ ಆ ಕಂಬದ ಹಿಂದೆ ನಿಂತ ಮೂರು ಗಂಟೆ ನಾನು ಕನ್ನಡಕದವನಲ್ಲ. ಯಾರೂ ನನ್ನ ಹತ್ತಿರ ಫ್ರೇಮು ಸಡಿಲವಾಗಿದೆ ಎಂದು ಬರುವುದಿಲ್ಲ. ಇದು ಹೋದರೆ ನನಗೆ ಉಳಿಯುವುದು ಇನ್ನೊಬ್ಬರ ಮೂಗು, ಕಿವಿ ಮಾತ್ರ. ಈ ಮಾತನ್ನು ತಮಾಷೆಗೆ ಹೇಳುತ್ತಿಲ್ಲ.

ಹೋಗುವ ಕಾಲ ಬಂತು. ನಮ್ಮ ಕೀಬೋರ್ಡ್ ಶಿವು ಹೊಸ ಕೀಬೋರ್ಡು ತಂದ. ಅದರಲ್ಲಿ ಕೊಳಲು, ಶಹನಾಯಿ, ತಂಬೂರಿ ಎಲ್ಲ ಇವೆ, ಅದು ಹಳೆಯ ಮಾತು. ಇದರಲ್ಲಿ ಗಿಟಾರು ಇತ್ತು. ಅದೂ ಒಂದಲ್ಲ, ಆರು. ಶಿವು ಒಳ್ಳೆಯವನು, ನನ್ನ ಮುಂದೆ ಆ ಗುಂಡಿಯನ್ನು ಒತ್ತಲು ನಾಚಿಕೊಳ್ಳುತ್ತಿದ್ದ. ಒಂದು ದಿನ ನಾನೇ ಬಲವಂತ ಮಾಡಿ ಒತ್ತಿಸಿದೆ. ಕೇಳಿದ ಮೇಲೆ ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ವಾರದ ನಂತರ ನಿಂಗರಾಜಣ್ಣ ಕನ್ನಡಕದ ಮೂಗಿನ ಬುಡ ಸರಿಮಾಡಿಸುವ ನೆಪದಲ್ಲಿ ಅಂಗಡಿಗೆ ಬಂದ. ಮೂಗಿನ ಬುಡ ಸರಿಯಾಗಿಯೇ ಇತ್ತು. ವ್ಯಾನಿನಲ್ಲಿ ಜಾಗ ಸಾಲುತ್ತಿಲ್ಲ ಎಂದ, ಹಸುಗಳ ವಿಚಾರ ಹೇಳಿದ, ಕಾಲ ಬದಲಾಗಿದೆ ಎಂದ, ಕೊನೆಗೆ ಬಾಗಿಲ ಕಡೆ ಮುಖ ಮಾಡಿ, “ಇನ್ ಮೂರ್ ಪ್ರೋಗ್ರಾಂ ನೋಡಾನ ಕಣ್ ಚಂದ್ರು. ನಿನ್ ಗಿಟಾರ್ನಲ್ಲಿ ಶಿವು ಮಿಸನ್ನಲ್ಲಿ ಇಲ್ದಿರೋದು ಏನಾರ ಅದೆ ಅಂತ ನಂಗೂ ಅನ್ನಿಸ್ಬೇಕಲ್ವಾ,” ಎಂದ. ಹದಿನಾಲ್ಕು ವರ್ಷದಲ್ಲಿ ಅವನು ನನ್ನ ಮುಖ ನೋಡದೆ ಮಾತಾಡಿದ್ದು ಅದೇ ಮೊದಲು.

ಹೀಗೆ ಪೆಡಲ್ ಬಂತು. ಗಿಟಾರಿಗೂ ಸ್ಪೀಕರಿಗೂ ನಡುವೆ ನೆಲದ ಮೇಲೆ ಇಟ್ಟು ಕಾಲಿನಲ್ಲಿ ಒತ್ತುವ ಪುಟ್ಟ ಪೆಟ್ಟಿಗೆ ಅದು. ಗಿಟಾರಿನ ದನಿಯನ್ನು ನಡುಗಿಸುತ್ತದೆ, ತೂಗುತ್ತದೆ, ನಾಲ್ಕು ಜನ ಒಟ್ಟಿಗೆ ಬಾರಿಸಿದ ಹಾಗೆ ಮಾಡುತ್ತದೆ, ನೀರಿನೊಳಗಿಂದ ಬಂದಂತೆ ಮಾಡುತ್ತದೆ. ಇಂಥ ಹನ್ನೊಂದು ಬಗೆ. ಹಿಂದೆ ಇದಕ್ಕೆ ಹನ್ನೊಂದು ಪೆಟ್ಟಿಗೆ ಬೇಕಾಗುತ್ತಿತ್ತಂತೆ. ಈಗ ಎಲ್ಲವನ್ನೂ ಸೇರಿಸಿ ಸೋಪಿನ ಡಬ್ಬಿಯಷ್ಟು ಮಾಡಿದ್ದಾರೆ. ಕಂಟ್ರಿ ಹಾಡುಗಾರರೆಲ್ಲ ಇಂಥದ್ದನ್ನು ಕಾಲ ಬುಡದಲ್ಲಿ ಇಟ್ಟುಕೊಂಡೇ ಅಷ್ಟು ಚೆನ್ನಾಗಿ ಅಳುತ್ತಾರೆ ಎಂದು ಮೊಬೈಲಿನಲ್ಲಿ ಒಬ್ಬರು ವಿವರಿಸಿದ್ದರು. ಅದರಲ್ಲೂ ಟ್ರೆಮೊಲೊ ಎಂಬುದೊಂದಿದೆ. ದನಿ ತಾನಾಗಿ ದೊಡ್ಡದಾಗಿ, ಸಣ್ಣದಾಗಿ, ಮತ್ತೆ ದೊಡ್ಡದಾಗಿ, ಸಣ್ಣದಾಗಿ ಉಸಿರಾಡಿದ ಹಾಗೆ ಬರುತ್ತದೆ. ಎದೆಯೊಳಗೆ ಏನೋ ಹಿಂಡುತ್ತದೆ. ಶಿವುನ ಮಿಷನ್ನಿನಲ್ಲಿ ಇದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಕೊರಿಯರ್ ಬಂದ ದಿನ ಸಾವಿತ್ರಿ ಅದನ್ನು ಅಂಗೈಯಲ್ಲಿ ತೂಗಿ ನೋಡಿ, ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ರಟ್ಟಿನ ಡಬ್ಬವೇ ಎಂದಳು, ಡಬ್ಬವನ್ನು ಮಾತ್ರ ಈರುಳ್ಳಿಗೆ ಇಟ್ಟುಕೊಂಡಳು. ಸಂಜೆ ನಾನು ಟ್ರೆಮೊಲೊ ಹಾಕಿ ಒಂದು ಸ್ವರ ಮೀಟಿದ್ದೇ ತಡ, ಅಡುಗೆ ಮನೆಯಿಂದ ಓಡಿ ಬಂದು ಫ್ರಿಜ್ಜಿನ ಸ್ವಿಚ್ಚು ಆರಿಸಿದಳು. “ರೀ, ವೋಲ್ಟೇಜು ಆಡ್ತಾ ಇದೆ, ಅದನ್ನ ನಿಲ್ಸಿ, ಸುಟ್ಟುಹೋಗುತ್ತೆ,” ಎಂದಳು. ನನಗೆ ಬೇಜಾರಾಯಿತು. ಸಂಗೀತದ ಗಂಧವಿಲ್ಲದವಳು ಎಂದುಕೊಂಡೆ. ದೇವರು ನನಗೊಂದು ಸುಳಿವು ಕೊಟ್ಟಿದ್ದ, ನಾನು ಫ್ರಿಜ್ಜು ಹಾಕಿ ಬಾಗಿಲು ಮುಚ್ಚಿಕೊಂಡು ಅಭ್ಯಾಸ ಮುಂದುವರಿಸಿದೆ.

ನಿಂಗರಾಜಣ್ಣನನ್ನು ಅಂಗಡಿಗೆ ಕರೆಸಿ ಹನ್ನೊಂದನ್ನೂ ಬಾರಿಸಿ ತೋರಿಸಿದೆ. ಪ್ರತಿಯೊಂದಕ್ಕೂ ‘ಇದು ಸರಿಯಾ, ಇಲ್ಲ ಇದು ಸರಿಯಾ’ ಎಂದು ಕೇಳಿದೆ. ಅಭ್ಯಾಸಬಲ. ಅವನು ಕಣ್ಣು ಮುಚ್ಚಿಕೊಂಡು ಕೇಳಿ, ಎಲ್ಲವಕ್ಕೂ ಚೆನ್ನಾಗದೆ ಕಣ್ ಚಂದ್ರು ಎಂದ. ನಾನು ಖುಷಿಯಿಂದ ಕಾಫಿ ತರಿಸಿದೆ. ಎರಡೂ ಚೆನ್ನಾಗವೆ ಎಂದರೆ ಏನರ್ಥ ಎಂದು ಬಲ್ಲ ಮನುಷ್ಯ ಮಾಡುವ ಕೆಲಸವೇ ಇದು?

ಮೊದಲನೆಯ ಕಾರ್ಯಕ್ರಮ ಶ್ರೀರಂಗಪಟ್ಟಣದಲ್ಲಿ, ಒಂದು ಛತ್ರದ ಆರತಕ್ಷತೆ. ಅಲ್ಲಿ ನನಗೆ ತಿಳಿದ ಮೊದಲ ಸಂಗತಿ, ಈ ಪೆಟ್ಟಿಗೆಯನ್ನು ಮಾಡಿದವರು ಬೂಟು ಹಾಕುವ ಜನ ಎಂಬುದು. ನಮ್ಮ ಕಡೆ ಮದುಮಕ್ಕಳು ಕೂರುವ ವೇದಿಕೆಗೆ ಚಪ್ಪಲಿ ಹಾಕಿಕೊಂಡು ಹತ್ತುವ ಹಾಗಿಲ್ಲ. ಬೂಟಿನ ತುದಿಯಲ್ಲಿ ನಾಜೂಕಾಗಿ ಒತ್ತಬೇಕಾದ್ದನ್ನು ನಾನು ಬರಿಗಾಲಿನ ಹೆಬ್ಬೆಟ್ಟಿನಲ್ಲಿ ಒತ್ತಬೇಕು. ಪೆಟ್ಟಿಗೆ ಸೋಪಿನ ಡಬ್ಬಿಯಷ್ಟು, ನನ್ನ ಪಾದ ಹತ್ತು ನಂಬರಿನದು. ಒತ್ತಿದ ಕೂಡಲೇ ಉಳಿದ ನಾಲ್ಕು ಬೆರಳುಗಳು ತಮ್ಮಷ್ಟಕ್ಕೆ ತಾವು ಬಗೆ ಬದಲಾಯಿಸುವ ಮಧ್ಯದ ತಿರುಗಣೆಯನ್ನು ತಿರುಗಿಸಿಬಿಡುತ್ತಿದ್ದವು. ಯಾವ ಬಗೆಗೆ ಬಂದು ನಿಂತಿತು ಎಂದು ಬಗ್ಗಿ ನೋಡೋಣವೆಂದರೆ ಅದರ ಮೇಲಿನ ಅಕ್ಷರ ಇರುವೆ ಸಾಲಿನಷ್ಟು ಸಣ್ಣದು. ಊರಿಗೆಲ್ಲ ಕನ್ನಡಕ ಕೊಡುವ ನಾನು ನನ್ನ ಓದುವ ಕನ್ನಡಕವನ್ನು ಅಂಗಡಿಯಲ್ಲಿ ಬಿಟ್ಟು ಬಂದಿದ್ದೆ.

ನಾಲ್ಕನೆಯ ಹಾಡಿನಲ್ಲಿ ನನ್ನ ಗಿಟಾರು ಜ್ವರ ಬಂದವರ ಹಾಗೆ ನಡುಗತೊಡಗಿತು. ಸ್ವರ ಮೇಲೆ ಹೋಗಿ ಕೆಳಗೆ ಬಂದು ವಾಲಾಡುತ್ತಿತ್ತು. ನಿಂಗರಾಜಣ್ಣ ಹಾಡು ಮುಗಿಸಿ, ನಗುತ್ತಲೇ ಮೈಕಿನಲ್ಲಿ, ನಮ್ಮ ಗಿಟಾರ್ ಮಾಸ್ಟರು ತಂತಿ ಬಿಗಿ ಮಾಡಿಕೊಳ್ಳುತ್ತಾರೆ, ಒಂದು ನಿಮಿಷ ಎಂದ. ಬಿಗಿಯಾಗಿಯೇ ಇದ್ದ ತಂತಿಗಳನ್ನು ನಾನು ನೂರೈವತ್ತು ಜನರ ಎದುರು ಬಿಗಿ ಮಾಡುವವನ ಹಾಗೆ ನಟಿಸಿದೆ. ನಮ್ಮ ಸೌಂಡಿನವನು ಅಲ್ತಾಫ್ ಭಾಯಿ. ಶ್ರೀರಂಗಪಟ್ಟಣದವನೇ, ತಂದೆಯ ಕಾಲದಿಂದಲೂ ಶಾಮಿಯಾನ, ಸ್ಪೀಕರು, ಜನರೇಟರಿನ ಕೆಲಸ. ಸೌಂಡಿನವರ ಬದುಕೇ ದೋಷ ಹುಡುಕುವುದು. ಹೊಸ ಸದ್ದು ಯಾವುದು ಕೇಳಿದರೂ ಅವರಿಗೆ ಅದು ವೈರು ಬಿಟ್ಟ ಸದ್ದೇ. ಪಾಪ, ಆ ದಿನ ಅವನು ಮೂರು ವೈರು ಬದಲಾಯಿಸಿದ. ನಾನು ಹೇಳಲಿಲ್ಲ. ನಾಚಿಕೆಯಾಯಿತು.

ಎರಡನೆಯದು ನಾಗಮಂಗಲದ ಹತ್ತಿರ ಒಂದು ಗೃಹಪ್ರವೇಶ. ಈ ಸಲ ಬುದ್ಧಿವಂತನಾಗಿ ಮನೆಯಲ್ಲೇ ಒಂದು ಬಗೆಗೆ ಇಟ್ಟು, ತಿರುಗಣೆಯ ಮೇಲೆ ಗಾಯಕ್ಕೆ ಹಾಕುವ ಪ್ಲಾಸ್ಟರು ಅಂಟಿಸಿದೆ. ಕಾರ್ಯಕ್ರಮ ಸುಸೂತ್ರವಾಗಿ ನಡೆಯಿತು. ನಿಂಗರಾಜಣ್ಣ ಊಟಕ್ಕೆ ಕೂತಾಗ ನನ್ನ ಕಡೆ ತಿರುಗಿ ಇವತ್ತು ಬಲೇ ಚೆನ್ನಾಗಿತ್ತು ಎಂದ. ನಾನು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ, ಅಷ್ಟು ಸಂತೋಷ. ಆಮೇಲೆ ಸಾಮಾನು ಕಟ್ಟುವಾಗ ನೋಡಿದರೆ, ಪೆಡಲಿನ ಪ್ಲಗ್ಗನ್ನು ಯಾರೋ ನೆಂಟರು ಕಿತ್ತು ಅಲ್ಲಿ ತಮ್ಮ ಮೊಬೈಲು ಚಾರ್ಜಿಗೆ ಹಾಕಿದ್ದರು. ಕರೆಂಟಿಲ್ಲದಿದ್ದರೆ ಪೆಟ್ಟಿಗೆ ಗಿಟಾರಿನ ದನಿಯನ್ನು ಇದ್ದ ಹಾಗೇ ಬಿಟ್ಟುಕೊಡುತ್ತದೆ. ಅಂದರೆ ನನ್ನ ಪೆಡಲಿಗೆ ಸಿಕ್ಕ ಏಕೈಕ ಮೆಚ್ಚುಗೆ ಅದು ಆರಿದ್ದಾಗ ಸಿಕ್ಕಿದ್ದು. ವ್ಯಾನಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಎಸೆಯಲು ಮನಸ್ಸು ಬರಲಿಲ್ಲ. ಇನ್ನೊಂದೇ ಕಾರ್ಯಕ್ರಮ ಉಳಿದಿತ್ತು, ಮತ್ತು ಆರಿದ ಪೆಡಲಿನಿಂದ ಶಿವುನ ಕೀಬೋರ್ಡನ್ನು ಗೆಲ್ಲುವ ಹಾಗಿರಲಿಲ್ಲ.

ಮೂರನೆಯದು ಶೀಳನೆರೆ ಹತ್ತಿರದ ಹಳ್ಳಿಯಲ್ಲಿ ಬೀಗರೂಟ. ನಮ್ಮ ಕಡೆಯ ಬೀಗರೂಟ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಮದುವೆಯಲ್ಲಿ ಸಿಹಿ ಊಟ, ಅದಾದ ಮೇಲೆ ಬೀಗರನ್ನು ಕರೆದು ಬಾಡೂಟ. ಮದುವೆಯಲ್ಲಿ ಏನು ಹೆಚ್ಚುಕಡಿಮೆಯಾದರೂ ಹೊಂದಿಕೊಂಡು ಹೋಗುತ್ತಾರೆ, ಬೀಗರೂಟದಲ್ಲಿ ಹೊಂದಿಕೊಳ್ಳುವುದಿಲ್ಲ. ಬಂದ ಬೀಗರ ಪಕ್ಕದಲ್ಲೇ ಮನೆಯ ಕಡೆಯವರೂ ಊರಿನ ಹಿರಿಯರೂ ಎಲೆ ಹಾಕಿಸಿಕೊಂಡು ಕೂರಬೇಕು. ಜೊತೆಯಲ್ಲಿ ಕೂತು ಜೊತೆಯಲ್ಲಿ ಏಳಬೇಕು. ಬೀಗರ ಕೈಯಲ್ಲಿ ಮುದ್ದೆ ಇರುವಾಗ ಈ ಕಡೆಯವರು ಎದ್ದರೆ ಅದು ಕಪಾಳಕ್ಕೆ ಹೊಡೆದ ಹಾಗೆ. ಹತ್ತು ವರ್ಷ ಮಾತು ಬಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ.

ಗಂಡಿನ ತಂದೆ ಬೋರೇಗೌಡರು. ಮನೆಯ ಮುಂದೆ ಶಾಮಿಯಾನ, ಒಂದು ತುದಿಯಲ್ಲಿ ನಮ್ಮ ವೇದಿಕೆ. ಮಧ್ಯಾಹ್ನ ಒಂದೂವರೆ. ಎರಡನೆಯ ಪಂಕ್ತಿ ಕೂತಿತ್ತು, ಅದೇ ಬೀಗರ ಪಂಕ್ತಿ. ಮುದ್ದೆ ಬಿದ್ದು, ಸಾರು ಬಿದ್ದು, ತುಂಡು ಬಡಿಸುತ್ತಿದ್ದರು. ನಿಂಗರಾಜಣ್ಣ ತವರಿನ ಹಾಡೊಂದನ್ನು ನಿಧಾನಕ್ಕೆ ಎತ್ತಿಕೊಂಡ. ಎರಡು ಚರಣದ ನಡುವೆ ವಾದ್ಯಕ್ಕೆ ಬಿಟ್ಟ ಜಾಗ ಬಂತು. ಶಿವು ನನ್ನ ಕಡೆ ನೋಡಿ ಕೈ ಎತ್ತಿಕೊಂಡ, ನೀವೇ ಬಾರಿಸಿ ಅನ್ನುವ ಹಾಗೆ. ನಾನು ಈ ಸಲ ಓದುವ ಕನ್ನಡಕ ಹಾಕಿಕೊಂಡಿದ್ದೆ, ಬಗ್ಗಿ ಕೈಯಲ್ಲೇ ಟ್ರೆಮೊಲೊಗೆ ತಿರುಗಿಸಿ, ನಡುಕದ ಆಳವನ್ನು ಪೂರ್ತಿ ಏರಿಸಿ, ವೇಗವನ್ನು ಪೂರ್ತಿ ಇಳಿಸಿ, ಹೆಬ್ಬೆಟ್ಟಿನಲ್ಲಿ ಒತ್ತಿದೆ. ಮೀಟಿದೆ. ದನಿ ಉಬ್ಬಿತು, ಕುಗ್ಗಿತು. ಉಬ್ಬಿತು, ಕುಗ್ಗಿತು. ಮೂವತ್ತು ವರ್ಷದ ಹಿಂದೆ ಆ ಕ್ಯಾಸೆಟ್ಟಿನಲ್ಲಿ ಕೇಳಿದ್ದು ಶೀಳನೆರೆಯ ಗಾಳಿಯಲ್ಲಿ ಬರುತ್ತಿತ್ತು. ನನ್ನ ಕಣ್ಣು ಒದ್ದೆಯಾಯಿತು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಪಂಕ್ತಿಯ ಕಡೆ ನೋಡಿದೆ. ಊರಿನ ಗಂಡಸರೆಲ್ಲ ಮುದ್ದೆಯ ತುತ್ತನ್ನು ಸಾರಿನಲ್ಲಿ ಅದ್ದಿ, ಬಾಯಿಗೆ ಇಡದೆ, ಹಾಗೇ ಕೈ ನಿಲ್ಲಿಸಿ, ತಲೆ ವಾರೆ ಮಾಡಿ ಕೇಳುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ನನ್ನ ಗಿಟಾರನ್ನು ಯಾರೂ ಹಾಗೆ ಕೇಳಿರಲಿಲ್ಲ. ನಾನು ಇನ್ನಷ್ಟು ಭಾವತುಂಬಿ ಮೀಟಿದೆ. ಆಗ ಒಬ್ಬ ಎದ್ದ. ಅವನ ಪಕ್ಕದವನು ಎದ್ದ. ಆಮೇಲೆ ಆ ಸಾಲಿನಲ್ಲಿ ಹತ್ತು ಹದಿನೈದು ಜನ ಒಟ್ಟಿಗೆ ಎದ್ದು ನಿಂತರು. ದೊಡ್ಡ ದೊಡ್ಡ ಊರುಗಳಲ್ಲಿ ಕಲಾವಿದರಿಗೆ ಸಭಿಕರು ಎದ್ದು ನಿಂತು ಗೌರವ ಕೊಡುತ್ತಾರಂತೆ. ಒಂದು ಅರೆಗಳಿಗೆ, ನನ್ನ ಮೇಲಾಣೆ, ಅದೇ ಎಂದುಕೊಂಡೆ.

ಅಷ್ಟರಲ್ಲಿ ಯಾರೋ “ತ್ರೀಪೇಸ್ ಬಂದ್ಬುಡ್ತು ಕಣ್ಲಾ,” ಎಂದರು, ಅಷ್ಟೂ ಜನ ಎಂಜಲು ಕೈಯಲ್ಲೇ ಪಂಚೆ ಎತ್ತಿ ಕಟ್ಟಿಕೊಂಡು ಗದ್ದೆಯ ಕಡೆ ಓಡಿದರು.

ಹೊಲದ ಪಂಪುಗಳೆಲ್ಲ ಓಡುವುದು ತ್ರೀಫೇಸ್ ಕರೆಂಟಿನಲ್ಲಿ. ಅದು ದಿನದಲ್ಲಿ ಕೆಲವು ಗಂಟೆ ಮಾತ್ರ ಬರುತ್ತದೆ, ಆ ವಾರವಂತೂ ಯಾವಾಗ ಬರುತ್ತದೆ ಎಂಬುದೇ ಗೊತ್ತಾಗುತ್ತಿರಲಿಲ್ಲವಂತೆ. ಬಂದ ಕೂಡಲೇ ಊರಿನ ಅರ್ಧ ಮೋಟಾರುಗಳು ತಾವಾಗಿ ಶುರುವಾಗುತ್ತವೆ, ವೋಲ್ಟೇಜು ಕುಗ್ಗುತ್ತದೆ, ಏರುತ್ತದೆ, ಮತ್ತೆ ಕುಗ್ಗುತ್ತದೆ. ಉಳಿದ ಅರ್ಧದವರು ಅದನ್ನು ನೋಡಿಯೇ ಮೋಟಾರು ಹಾಕಲು ಹೋಗುವುದು. ಹಗಲಾದ್ದರಿಂದ ಬಲ್ಬು ನೋಡುವ ಹಾಗಿರಲಿಲ್ಲ, ಇದ್ದದ್ದು ಸ್ಪೀಕರಿನ ದನಿಯೊಂದೇ. ಆ ಕಿವಿಗಳಿಗೆ ಅದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿರಲಿಲ್ಲ. ಪಂಕ್ತಿಯಲ್ಲಿ ಆ ಊರಿನ ಲೈನ್‌ಮನ್ನೂ ಇದ್ದ. ಅವನೂ ಎದ್ದು ಓಡಿದ. ಅದರಿಂದ ನನಗೆ ಸ್ವಲ್ಪ ಸಮಾಧಾನವಿದೆ. ಅತ್ತ ಅಲ್ತಾಫ್ ಭಾಯಿಯೂ ವೋಲ್ಟೇಜು ಬಿತ್ತು, ಸೆಟ್ಟು ಸುಟ್ಟುಹೋಗುತ್ತದೆ ಎಂದು ಗಾಬರಿಯಾಗಿ ಲೈನು ಆರಿಸಿ ಜನರೇಟರಿನ ಕಡೆ ಓಡಿದ. ಶಾಮಿಯಾನದ ಫ್ಯಾನುಗಳು ನಿಂತವು, ಮೈಕು ನಿಂತಿತು, ನಿಂಗರಾಜಣ್ಣ ಬಾಯಿ ತೆರೆದುಕೊಂಡು ನಿಂತ.

ಆ ಮೌನದಲ್ಲಿ ಉಳಿದವರು ಬೀಗರು. ಒಬ್ಬೊಬ್ಬರ ಪಕ್ಕದಲ್ಲೂ ಅರ್ಧ ಉಂಡ ಒಂದೊಂದು ಎಲೆ. ಅವರದು ನಾಲೆಯ ಬಯಲು, ಪಂಪಿನ ತಾಪತ್ರಯ ಅವರಿಗೆ ಗೊತ್ತಿಲ್ಲ. ಹೆಣ್ಣಿನ ದೊಡ್ಡಪ್ಪ, ದಪ್ಪ ಮೀಸೆಯ ಹಿರಿಯರು, ಕೈಯಲ್ಲಿದ್ದ ತುತ್ತನ್ನು ನಿಧಾನವಾಗಿ ಎಲೆಗೆ ಇಳಿಸಿ, “ನಮ್ ಜೊತೇಲಿ ಕುಂತು ಉಣ್ಣಕ್ ಆಗದಷ್ಟು ಏನ್ ತಪ್ಪು ಮಾಡಿದ್ವಿ ಗೌಡ್ರೆ,” ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿರುತ್ತಿತ್ತು. ಬೋರೇಗೌಡರ ಮುಖದಲ್ಲಿ ರಕ್ತವಿರಲಿಲ್ಲ. ಒಳಗಿನ ಬಾಗಿಲಲ್ಲಿ ಹೊಸ ಮದುಮಗಳು ನಿಂತಿದ್ದಳು, ದೊಡ್ಡಪ್ಪನನ್ನೂ ಮಾವನನ್ನೂ ನೋಡುತ್ತಾ.

ಓಡಿದವರು ವಾಪಸು ಬಂದರು. ಕಾಲೆಲ್ಲ ಕೆಸರು. ತ್ರೀಫೇಸ್ ಬಂದಿರಲಿಲ್ಲ. ಬರದ ಕರೆಂಟಿಗೆ ಊಟ ಬಿಟ್ಟು ಓಡಿದೆವಲ್ಲ ಎಂಬ ಅವಮಾನಕ್ಕೆ ಯಾರಾದರೂ ಒಬ್ಬರು ಬೇಕಿತ್ತು. ಅಲ್ತಾಫ್ ಭಾಯಿ ಸಿಕ್ಕಿದ. ಅವನ ಸೆಟ್ಟು ಹಳೆಯದು, ವೈರು ಸರಿಯಿಲ್ಲ, ಅದಕ್ಕೇ ದನಿ ಹಾಗೆ ಆಡಿತು ಎಂದು ಸುತ್ತ ನಿಂತು ಬೈಯತೊಡಗಿದರು. ಬೋರೇಗೌಡರು ಇನ್ನು ಈ ಊರಿಗೆ ಸ್ಪೀಕರು ಇಳಿಸಬೇಡ, ಈಗಲೇ ಬಿಚ್ಚು ಎಂದರು. ಅವರ ವಂಶದಲ್ಲಿ ಆ ವರ್ಷ ಇನ್ನೆರಡು ಮದುವೆ ಇದ್ದವು, ಅಲ್ತಾಫನಿಗೆ ಅದು ಗೊತ್ತಿತ್ತು. ಅವನು ಬೆವರು ಒರೆಸಿಕೊಳ್ಳುತ್ತಾ ವೈರು ಹಿಡಿದುಕೊಂಡು ವೇದಿಕೆಯವರೆಗೆ ಬಂದ. ನನ್ನ ಕಾಲ ಬುಡದಲ್ಲಿ ಪೆಡಲು ಇತ್ತು, ಅದರ ಪಕ್ಕ ನನ್ನ ಹೆಬ್ಬೆಟ್ಟು. ಜನರೇಟರು ಶುರುವಾಗಿತ್ತು, ಪೆಡಲಿನ ಕೆಂಪು ದೀಪ ನಿಧಾನವಾಗಿ ಮಿನುಗುತ್ತಿತ್ತು, ಉಬ್ಬಿ, ಕುಗ್ಗಿ, ಉಬ್ಬಿ, ಕುಗ್ಗಿ. ಅದನ್ನು ನೋಡಿದ. ನನ್ನನ್ನು ನೋಡಿದ. ಅವನಿಗೆ ಎಲ್ಲ ತಿಳಿಯಿತು. “ಯಾ ಅಲ್ಲಾ, ಚಂದ್ರಣ್ಣ,” ಎಂದ, ಬರೀ ನನಗೆ ಕೇಳುವಷ್ಟು. ಆಮೇಲೆ ಅವರ ಕಡೆ ತಿರುಗಿ, ಹೌದು ಗೌಡರೆ, ವೈರಿನದೇ ಇರಬೇಕು ಎಂದ.

ನಾನು ದೊಡ್ಡ ಮನುಷ್ಯನಲ್ಲ. ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಮೂರನೆಯ ಕಾರ್ಯಕ್ರಮದಲ್ಲಿ ನನ್ನದೇನೂ ತಪ್ಪಿರಲಿಲ್ಲ, ನನ್ನ ಕಂಬ ನನಗೆ ಉಳಿಯುತ್ತಿತ್ತು. ಒಂದು ನಿಮಿಷ ಹಾಗೇ ನಿಂತಿದ್ದೆ ಕೂಡ, ಸುಳ್ಳು ಹೇಳಲಾರೆ. ಆದರೆ ಶ್ರೀರಂಗಪಟ್ಟಣದಲ್ಲಿ ಅವನು ಬದಲಾಯಿಸಿದ ಮೂರು ವೈರು ನೆನಪಾಯಿತು. ನಾಚಿಕೆಯಾಗಿ, ಮೊದಲ ಬಾರಿಗೆ ಕಂಬದ ಹಿಂದಿನಿಂದ ಮುಂದೆ ಬಂದು, ಮೈಕು ತೆಗೆದುಕೊಂಡು ಹೇಳಿದೆ. ಕರೆಂಟು ಬರಲೂ ಇಲ್ಲ, ಹೋಗಲೂ ಇಲ್ಲ, ಅಲ್ತಾಫ್ ಭಾಯಿಯ ಸೆಟ್ಟಿನಲ್ಲಿ ದೋಷವೂ ಇಲ್ಲ, ಅದು ನನ್ನ ಗಿಟಾರು, ನಾನು ಬೇಕೆಂದೇ ಹಾಗೆ ಮಾಡಿದ್ದು ಎಂದೆ.

ಯಾರೂ ನಂಬಲಿಲ್ಲ. ಅಲ್ತಾಫನನ್ನು ಉಳಿಸಲು ಹೇಳುತ್ತಿದ್ದೇನೆ ಎಂದುಕೊಂಡರು. ಹಾಗಾಗಿ ಬಾರಿಸಿ ತೋರಿಸಬೇಕಾಯಿತು. ಪೆಡಲು ಒತ್ತಿ ಮೀಟಿದೆ, ದನಿ ಉಬ್ಬಿ ಕುಗ್ಗಿತು. ಒತ್ತಿ ಆರಿಸಿ ಮೀಟಿದೆ, ನೆಟ್ಟಗೆ ಬಂತು. ಮತ್ತೆ ಒತ್ತಿದೆ. ಅಭ್ಯಾಸಬಲದಿಂದ, ಇದು, ಇಲ್ಲ ಇದು ಎಂದೂ ಹೇಳಿದೆ. ಕೆಸರು ಕಾಲಿನ ಆ ಜನ ಬಾಯಿ ಬಿಟ್ಟುಕೊಂಡು ನೋಡಿದರು. ಮುಂದೆ ನಿಂತಿದ್ದ ಲೈನ್‌ಮನ್ನು ಬಹಳ ವಿನಯದಿಂದ ಕೇಳಿದ, “ಅದ್ಯಾಕ್ ಸಾ ಅಂಗ್ ಮಾಡ್ತೀರಿ?”

“ದುಃಖ ಬರಲಿ ಅಂತ,” ಎಂದೆ.

“ಬೀಗರೂಟದಲ್ಲಾ?” ಎಂದರು ಹೆಣ್ಣಿನ ದೊಡ್ಡಪ್ಪ.

ಮೊದಲು ನಕ್ಕವರು ಅವರೇ. ಮೀಸೆಯೊಳಗೆ ಶುರುವಾದದ್ದು ಹೊಟ್ಟೆಯವರೆಗೆ ಹೋಯಿತು, ಕಣ್ಣಲ್ಲಿ ನೀರು ಬಂತು. ಬೋರೇಗೌಡರು ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದರು. ಹೊಸ ಎಲೆ ಹಾಕಿದರು, ಬಿಸಿ ಮುದ್ದೆ ತಂದರು, ಕಾಲು ತೊಳೆದುಕೊಂಡು ಬಂದವರು ಬೀಗರ ಪಕ್ಕದಲ್ಲೇ ಮತ್ತೆ ಕೂತರು. ಅಲ್ತಾಫ್ ಭಾಯಿಗೆ ಆ ಎರಡು ಮದುವೆಯ ಸೆಟ್ಟೂ ಅಲ್ಲೇ ಗಟ್ಟಿಯಾಯಿತು. ಸಂಜೆಯವರೆಗೂ ನನ್ನನ್ನು ಕಂಡವರೆಲ್ಲ, ಇನ್ನೊಂದು ಸಲ ಕರೆಂಟು ತೆಗಿರಿ ಸಾ ಎಂದು ಕೇಳಿ ಕೇಳಿ ಬಾರಿಸುವಂತೆ ಮಾಡಿದರು. ಕಂಟ್ರಿ ಮ್ಯೂಸಿಕ್ಕಿಗೆ ನಮ್ಮ ಜಿಲ್ಲೆಯಲ್ಲಿ ಸಿಕ್ಕ ಪ್ರೋತ್ಸಾಹ ಸದ್ಯಕ್ಕೆ ಇಷ್ಟು.

ಪಾಂಡವಪುರದಲ್ಲಿ ನನ್ನನ್ನು ವ್ಯಾನಿನಿಂದ ಇಳಿಸುವಾಗ ನಿಂಗರಾಜಣ್ಣ ತಾನೂ ಇಳಿದ. ಗಿಟಾರಿನ ಚೀಲವನ್ನು ತಾನೇ ಎತ್ತಿ ನನ್ನ ಹೆಗಲಿಗೆ ಹಾಕಿದ. “ಅಲ್ತಾಫನ್ನ ಉಳಿಸ್ದೆ ಕಣ್ ಚಂದ್ರು, ದೊಡ್ಡದು ಅದು,” ಎಂದ. ಚೀಲದ ಪಟ್ಟಿ ಸರಿಮಾಡಿ, “ಮುಂದಿನ್ ಪ್ರೋಗ್ರಾಂಗೆ ನಾನೇ ಪೋನ್ ಮಾಡ್ತೀನಿ ಬುಡು,” ಎಂದ. ಈ ಸಲ ನನ್ನ ಮುಖ ನೋಡಿಯೇ ಹೇಳಿದ, ಎಲ್ಲ ಮುಗಿಯಿತು ಎಂದು ಅದರಿಂದಲೇ ನನಗೆ ಗೊತ್ತಾಯಿತು. ಫೋನು ಬರಲಿಲ್ಲ.

ಪೆಡಲು ಈಗ ಅಂಗಡಿಯ ಮೇಜಿನ ಮೇಲೆ, ಬಿಲ್ಲುಗಳು ಹಾರದಂತೆ ಅವುಗಳ ಮೇಲೆ ಕೂತಿದೆ. ಆ ಕೆಲಸವನ್ನು ಅದು ಒಂದೇ ಬಗೆಯಲ್ಲಿ, ಬಹಳ ಚೆನ್ನಾಗಿ ಮಾಡುತ್ತದೆ. ಗಿಟಾರು ಬೀರುವಿನ ಮೇಲಿದೆ. ಸಾವಿತ್ರಿ ಎರಡು ಸಲ ಅದನ್ನು ಇಳಿಸಿ, ಧೂಳು ಒರೆಸಿ, ನನಗೆ ಕಾಣುವ ಹಾಗೆ ಮಂಚದ ಮೇಲೆ ಇಟ್ಟಳು. ಮೂರನೆಯ ಸಲ ಅವಳೇ ಫ್ರಿಜ್ಜು ಆರಿಸಿ ಬಂದು, ಬೇಕಾದ್ರೆ ಬಾರಿಸಿ ಎಂದಳು. ಬಾರಿಸಲಿಲ್ಲ.

ಮೊನ್ನೆ ಬೂಕನಕೆರೆಯಿಂದ ಒಬ್ಬರು ಅಂಗಡಿಗೆ ಬಂದರು. ದೂರದ್ದು ಮಸುಕು ಮಸುಕಾಗಿ ಕಾಣುತ್ತದೆ, ಎದುರಿನಿಂದ ಬರುವವರು ಯಾರು ಎಂದೇ ಗುರುತು ಸಿಗುವುದಿಲ್ಲ ಎಂದರು. ಕುರ್ಚಿಯಲ್ಲಿ ಕೂರಿಸಿ ಕಬ್ಬಿಣದ ಚೌಕಟ್ಟು ಏರಿಸಿದೆ. ಹತ್ತಿರದಿಂದ ನನ್ನ ಮುಖ ಕಂಡದ್ದೇ ಅವರ ಮುಖ ಅರಳಿತು. “ನೀವು ನಿಂಗರಾಜಣ್ಣನ್ ಗಿಟಾರ್ ಮೇಷ್ಟ್ರಲ್ವಾ? ಓದ್ ವಾರ ನಮ್ಮೂರಲ್ಲಿ ಪ್ರೋಗ್ರಾಂ ಮಾಡುದ್ರಲ್ಲ ಸಾ, ನಿಮ್ ಗಿಟಾರು ಬೋ ಚೆಂದಾಗಿತ್ತು. ಇಷ್ಟ್ ವರ್ಸದಲ್ಲಿ ಇಷ್ಟ್ ಚೆನ್ನಾಗಿ ನೀವ್ ಬಾರ್ಸೇ ಇರ್ಲಿಲ್ಲ,” ಎಂದರು.

ಹೋದ ವಾರ ನಾನು ಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಅವರು ಕೇಳಿದ್ದು ಶಿವುನ ಕೀಬೋರ್ಡಿನ ಆರು ಗಿಟಾರುಗಳಲ್ಲಿ ಒಂದನ್ನು. ನಿಜ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಒಂದೇ ತಿಂಗಳಲ್ಲಿ ಎರಡು ಸಲ ನಿಜ ಹೇಳುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. “ಏನೋ, ನಿಮ್ಮಂಥವರ ಆಶೀರ್ವಾದ,” ಎಂದೆ. ಅವರು ಸಂತೋಷದಿಂದ ತಲೆಯಾಡಿಸಿ, ಬರುವ ಭಾನುವಾರ ಅವರ ತಂಗಿಯ ಮನೆಯ ಬೀಗರೂಟಕ್ಕೂ ನಮ್ಮದೇ ತಂಡವನ್ನು ಒಪ್ಪಿಸಿರುವುದಾಗಿಯೂ, ಮುಂದಿನ ಸಾಲಿನಲ್ಲೇ ಕೂತು ಹೊಸ ಕನ್ನಡಕದಲ್ಲಿ ನನ್ನನ್ನು ಕಣ್ಣಾರೆ ನೋಡುವುದಾಗಿಯೂ ಹೇಳಿದರು. ನಾನು ಗಾಜುಗಳನ್ನು ಒಂದೊಂದಾಗಿ ಬದಲಾಯಿಸಿ, ಗೋಡೆಯ ಮೇಲಿನ ಕೊನೆಯ ಸಾಲಿನ ಅಕ್ಷರದವರೆಗೂ ಓದಿಸಿ, ನಂಬರು ಬರೆದುಕೊಂಡೆ. ಅವರ ನಂಬರಿನ ಗಾಜು ಅಂಗಡಿಯಲ್ಲೇ ಇತ್ತು, ಅರ್ಧ ಗಂಟೆಯಲ್ಲಿ ಕೂರಿಸಿ ಕೊಡಬಹುದಿತ್ತು. ಹದಿನೈದು ದಿನ ಬಿಟ್ಟು ಬನ್ನಿ ಎಂದೆ.